ನೆತ್ತಿಯ ಕೂದಲು

“ಒತ್ತಿದ್ರೆ ಗೊತ್ತಾಗ್ತಿದೆಯಾ?” ಎಂದು ಸಿಸ್ಟರ್ ಕೇಳಿದಳು.

“ಇಲ್ಲ.”

“ಇಲ್ಲಿ?”

“ಇಲ್ಲ.”

ಸಿಸ್ಟರ್ ಗೋಡೆ ಗಡಿಯಾರದ ಕಡೆ ನೋಡಿದಳು. “ಇಷ್ಟು ಬೇಗ ಹೇಗೆ ಮರಗಟ್ಟುತ್ತೆ? ಕ್ರೀಮ್ ಹಚ್ಚಿ ಈಗಿನ್ನೂ ಕೈ ತೊಳ್ಕೊಂಡು ಬಂದಿದೀನಿ. ಧೈರ್ಯ ತೋರ್ಸೋಕೆ ಹೋಗ್ಬೇಡಿ ಮೇಡಂ. ಆಮೇಲೆ ಸೂಜಿ ಚುಚ್ಚಿದಾಗ ಅಯ್ಯೋ ಅಮ್ಮಾ ಅಂದ್ರೆ ನಾನೇನೂ ಮಾಡಕ್ಕಾಗಲ್ಲ.”

ಅವಳು ಧೈರ್ಯ ತೋರಿಸುತ್ತಿರಲಿಲ್ಲ. ಬೈತಲೆಯ ಎರಡೂ ಬದಿಗೆ ಬಳಿದ ಬಿಳಿ ಕ್ರೀಮು ತಣ್ಣಗಿದೆಯೋ ಬೆಚ್ಚಗಿದೆಯೋ ಎನ್ನುವುದೂ ಅವಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಮೂರು ತಿಂಗಳಿಂದ ಹೀಗೇ ಆಗಿತ್ತು. ಸ್ನಾನದ ನೀರು ಸುಡುತ್ತಿದೆ ಎಂಬುದು ಮೈ ಕೆಂಪಾದ ಮೇಲೆ ಗೊತ್ತಾಗುತ್ತಿತ್ತು. ಮೊನ್ನೆ ತನ್ನ ಬ್ಯೂಟಿ ಪಾರ್ಲರಿನಲ್ಲಿ ಬೆರಳಿಗೆ ಕತ್ತರಿ ತಗಲಿ ರಕ್ತ ಬಂದಿದ್ದನ್ನು ಕುರ್ಚಿಯಲ್ಲಿ ಕೂತ ಗಿರಾಕಿಯೇ ಕನ್ನಡಿಯಲ್ಲಿ ನೋಡಿ ಹೇಳಬೇಕಾಯಿತು.

“ಸಾರ್‌ಗಾದ್ರೆ ಮುಕ್ಕಾಲು ಗಂಟೆ ಕಾಯ್ಬೇಕಿತ್ತು,” ಎಂದು ಸಿಸ್ಟರ್ ಅವಳ ತಲೆಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಸುತ್ತಿದಳು. “ಇದೇ ಕುರ್ಚೀಲಿ ಗೊರಕೆ ಹೊಡೀತಿದ್ರು. ಈ ಸಲ ಯಾಕೆ ಮೇಡಂ ನಿಮ್ಮನ್ನ ಕಳ್ಸಿ ಅವರು ತಪ್ಪಿಸ್ಕೊಂಡ್ರು? ಹೆಂಡ್ತಿ ಮುಂದೆ ನಾಚಿಕೆನಾ?”

“ಹೂಂ,” ಎಂದಳು ಅವಳು.

ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಮಾತನ್ನು ಈ ಕ್ಲಿನಿಕ್ಕಿನಲ್ಲಿ ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿ ಬಂದದ್ದು ಅದನ್ನು ಹೇಳಿ ಹೋಗೋಣವೆಂದೇ. ಬಂದವಳು ಬಾಯಿಬಿಡದೆ ಕೂತು, ಈಗ ತಲೆಗೆ ಕ್ರೀಮು ಬಳಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದಳು.

ಫೋನು ಬಂದದ್ದು ಎರಡು ದಿನದ ಹಿಂದೆ. ಪಾರ್ಲರಿನಲ್ಲಿ ಒಬ್ಬಳ ಕೂದಲಿಗೆ ಬಣ್ಣ ಹಚ್ಚುತ್ತಿದ್ದಳು. ಸಾರ್ ಅವರ ಫೋನ್ ಹೋಗ್ತಿಲ್ಲ, ಅವರು ಕೊಟ್ಟಿದ್ದ ಇನ್ನೊಂದು ನಂಬರ್ ಇದು, ನಾಡಿದ್ದು ಅವರ ನಾಲ್ಕನೇ ಸಲದ್ದು ಇದೆ, ನೆನಪು ಮಾಡೋಕೆ ಫೋನ್ ಮಾಡಿದ್ದು, ಎಂದು ಒಬ್ಬ ಹುಡುಗಿ ಒಂದೇ ಉಸಿರಿಗೆ ಹೇಳಿದಳು.

“ಏನು ನಾಲ್ಕನೇ ಸಲದ್ದು?”

“ಪಿಆರ್‌ಪಿ ಮೇಡಂ. ಕೂದಲಿಗೆ.”

ಅವಳು ಬ್ರಷ್ಷು ಹಿಡಿದ ಕೈಯನ್ನು ಹಾಗೇ ಮೇಲೆತ್ತಿಕೊಂಡು ನಿಂತಳು. ಬಣ್ಣದ ಒಂದು ಹನಿ ಗಿರಾಕಿಯ ಕಿವಿಯ ಮೇಲೆ ಬಿತ್ತು. “ಬರ್ತೀವಿ,” ಎಂದಳು ಫೋನಿಗೆ. ಯಾಕೆ ಹಾಗೆಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಬ್ಯಾಂಕಿನಲ್ಲಿ, ವಿಮೆಯವರಿಗೆ, ಗ್ಯಾಸಿನವರಿಗೆ, ಕಾರು ಕಲಿಯಲು ಹೆಸರು ಬರೆಸಿದ್ದವರಿಗೆ, ಎಲ್ಲರಿಗೂ ಹೇಳಿ ಹೇಳಿ ಆ ಮಾತು ಬಾಯಲ್ಲಿ ಸವೆದುಹೋಗಿತ್ತು. ಹೇಳಿದ ಕೂಡಲೇ ಎಲ್ಲರೂ ಒಂದೇ ಥರ ಮುಖ ಮಾಡಿ, ಅದೇ ನಾಲ್ಕು ಮಾತಾಡಿ, ಅವನ ಹೆಸರಿನ ಮೇಲೆ ಗೀಟು ಎಳೆದು ಮುಂದಿನ ಕೆಲಸ ನೋಡುತ್ತಿದ್ದರು. ಇದೊಂದು ಕಡೆ ಮಾತ್ರ ಅವನು ಇನ್ನೂ ಬದುಕಿದ್ದ. ನಾಡಿದ್ದು ಅವನು ಬರುತ್ತಾನೆಂದು ಯಾರೋ ಕುರ್ಚಿ ಇಟ್ಟುಕೊಂಡು ಕಾಯುತ್ತಿದ್ದರು. ಫೋನಿನಲ್ಲಿ ಬಾಯಿ ತೆರೆದಿದ್ದರೆ ಅಲ್ಲಿಯೂ ಅವನು ಸಾಯುತ್ತಿದ್ದ.

ಅವನು ಡ್ರೈವಿಂಗ್ ಮೇಷ್ಟ್ರು. ಇಪ್ಪತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದವನು. ಅವನ ಕಾಲ ಕೆಳಗೂ ಒಂದು ಬ್ರೇಕು ಇತ್ತು. ಕಲಿಯುವವರು ಗಾಬರಿಯಾದರೆ ಮೆಲ್ಲಗೆ ಒತ್ತುತ್ತಿದ್ದ, ಆದರೆ ತಾವೇ ಒತ್ತಿದೆವು ಎಂದು ಅವರು ಅಂದುಕೊಳ್ಳುವಂತೆ ಒತ್ತುತ್ತಿದ್ದ. ಸತ್ತದ್ದೂ ಆ ಸೀಟಿನಲ್ಲೇ. ಕಾರು ಓಡಿಸುತ್ತಿದ್ದ ಹುಡುಗಿಗೆ ಗೊತ್ತೇ ಆಗಿರಲಿಲ್ಲ. “ಸಾರ್, ಎಡಕ್ಕಾ ಬಲಕ್ಕಾ?” ಎಂದು ಎರಡು ಸಲ ಕೇಳಿದಳಂತೆ. ಮೇಷ್ಟ್ರು ಬೇಕೆಂದೇ ಸುಮ್ಮನಿದ್ದಾರೆ, ಇದೂ ಒಂದು ಪರೀಕ್ಷೆ ಎಂದುಕೊಂಡು ತಾನೇ ತೀರ್ಮಾನಿಸಿ ಬಲಕ್ಕೆ ತಿರುಗಿಸಿ, ರಸ್ತೆ ಬದಿಗೆ ನೀಟಾಗಿ ನಿಲ್ಲಿಸಿ, ಮೆಚ್ಚುಗೆಗಾಗಿ ಪಕ್ಕಕ್ಕೆ ನೋಡಿದಳಂತೆ. ಸಾವಿನ ಮನೆಗೆ ಬಂದು ಇದನ್ನೇ ಬಿಕ್ಕಿ ಬಿಕ್ಕಿ ಹೇಳಿದ ಆ ಹುಡುಗಿಯನ್ನು ಸಮಾಧಾನ ಮಾಡಿದ್ದು ಇವಳೇ. ಇವಳು ಅತ್ತಿರಲಿಲ್ಲ. ಆಮೇಲೂ ಅಳು ಬರಲಿಲ್ಲ. ಜೊತೆಗಿರಲು ಬಂದ ತಂಗಿ, “ಒಂದ್ಸಲ ಅತ್ತುಬಿಡು ಅಕ್ಕ, ಹೀಗಿದ್ರೆ ಭಯ ಆಗುತ್ತೆ,” ಎಂದು ದಿನಾ ಬೆನ್ನು ಹತ್ತಿದ್ದಳು. ಅಳು ಏನು ನಲ್ಲಿಯೇ, ತಿರುಗಿಸಿದರೆ ಬರಲು?

ಅದರ ಬದಲು ಕೂದಲು ಉದುರತೊಡಗಿತು. ತಲೆ ಬಾಚಿದರೆ ಹಿಡಿ ಹಿಡಿ.

ಈ ಕ್ಲಿನಿಕ್ಕು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬೆಳಿಗ್ಗೆ ಮೂಳೆ ಡಾಕ್ಟರು, ಹನ್ನೊಂದರ ಮೇಲೆ ಚರ್ಮದ ಡಾಕ್ಟರು. ರಕ್ತ ತಿರುಗಿಸುವ ಯಂತ್ರ ಇಬ್ಬರಿಗೂ ಒಂದೇ. ಹಾಗಾಗಿ ಹೊರಗಿನ ಬೆಂಚಿನ ಮೇಲೆ ಮೊಣಕಾಲಿನವರು, ಮುಖದವರು, ತಲೆಯವರು ಎಲ್ಲರೂ ಒತ್ತೊತ್ತಾಗಿ ಕೂತಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಯಜಮಾನರು ಅವಳನ್ನು ಮೇಲಿಂದ ಕೆಳಗೆ ನೋಡಿ, “ನಿಮ್ದು ಮುಖಾನಾ, ತಲೆನಾ?” ಎಂದು ಬಸ್ಸಿನಲ್ಲಿ ಊರು ಕೇಳುವಂತೆ ಕೇಳಿದ್ದರು. “ನಂದು ಮಂಡಿ. ನಮ್ಮ ರಕ್ತ ತೆಗೆದು ನಮಗೇ ಚುಚ್ತಾರೆ. ಇದಕ್ಕೆ ಓದು ಬೇರೆ ಬೇಕಾ ಅಂತಿದ್ದೆ. ಆದ್ರೆ ನೋಡಿ, ಈಗ ಮೆಟ್ಲು ನಾನೇ ಹತ್ತಿ ಬಂದೆ. ನಮ್ಮ ಭಾಮೈದ ಮೂರು ಸಲ ಮಾಡಿಸ್ಕೊಂಡ, ಅವನಿಗೆ ಏನೂ ಆಗ್ಲಿಲ್ಲ. ಅವರವರ ರಕ್ತ, ಅವರವರ ಅದೃಷ್ಟ.”

ನಮ್ಮ ರಕ್ತ ತೆಗೆದು ನಮಗೇ ಚುಚ್ತಾರೆ. ಈ ಮಾತನ್ನು ಅವಳೂ ಆಡಿದ್ದಳು, ಪಾರ್ಲರಿನಲ್ಲಿ, ನಾಲ್ಕು ಜನ ಗಿರಾಕಿಗಳ ಮುಂದೆ. ಒಬ್ಬಾಕೆ ಕೂದಲಿಗೆ ಪಿಆರ್‌ಪಿ ಮಾಡಿಸಬಹುದಾ ಎಂದು ಕೇಳಿದಾಗ, “ನಿಮ್ಮ ರಕ್ತಾನೇ ನಿಮಗೆ ಮಾರ್ತಾರೆ ಕಣ್ರೀ, ಸೊಳ್ಳೆಗಾದ್ರೂ ಮರ್ಯಾದೆ ಇದೆ, ಕುಡಿದು ಹೊರಟುಹೋಗುತ್ತೆ,” ಎಂದು ಎಲ್ಲರನ್ನೂ ನಗಿಸಿದ್ದಳು. ಅವಳನ್ನು ಕರೆದುಕೊಂಡು ಹೋಗಲು ಬಂದ ಗಂಡ ಬಾಗಿಲ ಬಳಿ ಕಾರಿನ ಕೀಲಿ ತಿರುಗಿಸುತ್ತ ನಿಂತಿದ್ದ. ಅವನೂ ನಕ್ಕಿದ್ದ. ಆಗಲೇ ಒಂದು ಸಲ ಚುಚ್ಚಿಸಿಕೊಂಡು ಆಗಿತ್ತೋ, ಇನ್ನೂ ಇಲ್ಲವೋ, ಈಗ ಲೆಕ್ಕ ಹಾಕಿದರೆ ಹೊಂದಿಕೆಯಾಗುತ್ತಿರಲಿಲ್ಲ.

ಅವನ ಬೋಳು ತಲೆ ಪಾರ್ಲರಿನ ಮನೆಮಾತಾಗಿತ್ತು. “ಇವರನ್ನ ಬೋರ್ಡ್ ಪಕ್ಕ ನಿಲ್ಲಿಸ್ಬೇಡ್ರಪ್ಪ, ಗಿರಾಕಿ ವಾಪಸ್ ಹೋಗ್ತಾರೆ,” ಎಂದು ಅವಳು ಅನ್ನದ ದಿನವಿರಲಿಲ್ಲ. ಅವನು ಅದಕ್ಕೆ ತಕ್ಕಂತೆ ನೆತ್ತಿ ಸವರಿಕೊಳ್ಳುತ್ತಿದ್ದ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಸರದಿಗಾಗಿ ಕೂತ ಹುಡುಗರಿಗೆ ಇಡೀ ದಿನ ಕಾಣುವುದು ತನ್ನ ನೆತ್ತಿಯೊಂದೇ, ಪಾಪ, ಎಂದು ಅವನೇ ಹೇಳುತ್ತಿದ್ದ. ತಮಾಷೆಯಾಗಿಯೇ ಹೇಳುತ್ತಿದ್ದ. ತಮಾಷೆಯಲ್ಲದ ದಿನವೂ ಇದ್ದಿರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಕ್ರೀಮು ಹಚ್ಚುವ ಮೊದಲು ಡಾಕ್ಟರು ಅವಳ ಕೂದಲನ್ನು ಬೇರೆ ಬೇರೆ ಕಡೆ ಬಿಡಿಸಿ, ನಾಲ್ಕೆಳೆ ಎಳೆದು ನೋಡಿದ್ದಳು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಎಷ್ಟು ದಿನದಿಂದ ಉದುರ್ತಿದೆ? ಇತ್ತೀಚೆಗೆ ಜೋರು ಜ್ವರ, ಆಪರೇಷನ್, ಮನೇಲಿ ಏನಾದ್ರೂ ಆಘಾತ?”

“ಏನಿಲ್ಲ.”

“ಚೆನ್ನಾಗಿ ನೆನಪು ಮಾಡ್ಕೊಳ್ಳಿ. ಎರಡು ಮೂರು ತಿಂಗಳ ಹಿಂದೆ?”

“ಏನೂ ಇಲ್ಲ ಡಾಕ್ಟ್ರೇ.”

ಡಾಕ್ಟರು ತುಟಿ ಕಚ್ಚಿ ಅವಳನ್ನೇ ಒಂದು ಕ್ಷಣ ನೋಡಿ, “ಸರಿ, ಒಂದ್ಸಲ ಮಾಡಿ ನೋಡೋಣ,” ಎಂದು ಪಕ್ಕದ ಕೋಣೆಯ ಮುಖದವರ ಕಡೆ ಹೋಗಿದ್ದಳು. ಅವಳಿಗೆ ತನ್ನ ಮೇಲೆ ತನಗೇ ಬೇಸರವಾಯಿತು. ಸಾವನ್ನು ಬಚ್ಚಿಡುವುದು ಕಳ್ಳತನ ಮಾಡಿದಂತೆ, ಒಂದೊಂದು ನಿಮಿಷ ಕಳೆದಷ್ಟೂ ಒಪ್ಪಿಕೊಳ್ಳುವುದು ಕಷ್ಟ.

ಪ್ಲಾಸ್ಟಿಕ್ ಹಾಳೆಯೊಳಗೆ ತಲೆ ಸುಮ್ಮನಿತ್ತು. ಅವಳು ಕಣ್ಣು ಮುಚ್ಚಿದಳು. ಮುಚ್ಚಿದರೆ ಬರುವುದು ಒಂದೇ ಚಿತ್ರ: ಬಚ್ಚಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಹೆಗಲಿಗೆ ಟವೆಲ್ ಹೊದ್ದು ಕೂತ ಗಂಡ. ಮದುವೆಯಾದಾಗಿನಿಂದ ಅವನ ಕೂದಲಿಗೆ ಬೇರೆಯವರ ಕೈ ತಾಗಿರಲಿಲ್ಲ. ತಿಂಗಳಿಗೊಂದು ಭಾನುವಾರ ಅವಳೇ ಮಿಷನ್ ಹಾಕುತ್ತಿದ್ದಳು. ಮುಗಿದ ಮೇಲೆ ಮಿಷನ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಂದು ಹನಿ ಎಣ್ಣೆ ಬಿಟ್ಟು ಡಬ್ಬಿಗೆ ಹಾಕುವುದು ಅವನ ಕೆಲಸ.

ಕೊನೆಯ ಭಾನುವಾರ ಅವನು, “ಈ ಸಲ ಮೇಲೆ ಮುಟ್ಬೇಡ. ಸುತ್ತ ಮಾತ್ರ ತೆಗಿ,” ಎಂದ.

“ಮೇಲೆ ಏನಿದೆ ರೀ ಮುಟ್ಟೋಕೆ?”

“ನೀನೇ ನೋಡು.”

ನೋಡಲು ಪುರುಸೊತ್ತಿರಲಿಲ್ಲ. ಪಾರ್ಲರಿನಲ್ಲಿ ಮದುವೆ ಹುಡುಗಿಯೊಬ್ಬಳು ಬಂದು ಕಾಯುತ್ತಿದ್ದಳು. ಹಣೆಯಿಂದ ಹಿಂದಕ್ಕೆ ಒಂದೇ ಸಲಕ್ಕೆ, ಬುಡಮಟ್ಟ ಎಳೆದುಬಿಟ್ಟಳು. ಅವನ ಕೈ ಟವೆಲಿನಡಿಯಿಂದ ಅರ್ಧ ಮೇಲೆದ್ದು ಮತ್ತೆ ಕೆಳಗಿಳಿಯಿತು. ಮೊದಲು ಕೈ, ಆಮೇಲೆ ಕತ್ತರಿ. ಪಾರ್ಲರಿಗೆ ಕಲಿಯಲು ಬಂದವರಿಗೆಲ್ಲ ಅವಳು ಹೇಳಿಕೊಡುವ ಮೊದಲ ಪಾಠ ಅದು. ಯಾವ ತಲೆಯನ್ನೂ ಬೆರಳು ಆಡಿಸಿ ನೋಡದೆ ಅವಳು ಕತ್ತರಿ ಎತ್ತಿದವಳಲ್ಲ. ಕೂದಲಿನ ತುದಿ ನೋಡಿಯೇ ಎಲ್ಲ ಹೇಳುತ್ತಿದ್ದಳು. ಒಂದು ಸಲ ಕತ್ತರಿ ಕಂಡ ಕೂದಲಿನ ತುದಿ ಮೊಂಡು, ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲಿನ ತುದಿ ಸೂಜಿಯಂತೆ ಸಪೂರ. ಇಷ್ಟೆಲ್ಲ ಬಲ್ಲವಳಿಗೆ ಗಂಡನ ತಲೆ ಗಿರಾಕಿಯ ತಲೆಯಾಗಿರಲಿಲ್ಲ, ಅಷ್ಟೆ. ಮನೆಯವರ ತಲೆಗೆ ಯಾವ ಪಾಠ?

ಅವನು ಕನ್ನಡಿ ನೋಡಿಕೊಂಡು ಹೆಗಲು ಕೊಡವಿಕೊಂಡ. “ಒಂದು ಫೋನ್ ಮಾಡೋದಿದೆ,” ಎಂದು ಮೆಟ್ಟಿಲ ಕಡೆ ಹೋದ. ಮಿಷನ್ ಉಜ್ಜದೆ ಹೋದನಲ್ಲ ಎಂದು ಗೊಣಗಿಕೊಂಡು, ಅವಳು ಅದನ್ನು ಹಾಗೆಯೇ ಡಬ್ಬಿಗೆ ತುರುಕಿ ಪಾರ್ಲರಿಗೆ ಓಡಿದ್ದಳು. ಆ ವಾರದಲ್ಲೇ ಅವನು ಹೋದ.

“ಮೇಡಂ, ತೋಳು ಕೊಡಿ,” ಎಂದಳು ಸಿಸ್ಟರ್.

ರಕ್ತ ತೆಗೆದದ್ದೂ ಅವಳಿಗೆ ಗೊತ್ತಾಗಲಿಲ್ಲ. ಕಡುಗೆಂಪು ರಕ್ತ ಗಾಜಿನ ಕೊಳವೆಯಲ್ಲಿ ಏರುವುದನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಸಿಸ್ಟರ್ ಹತ್ತಿ ಒತ್ತಿ ತೋಳು ಮಡಿಸಿ, ಕೊಳವೆಯ ಮೇಲೆ ಒಂದು ಚೀಟಿ ಅಂಟಿಸಿ ಅವಳ ಕಣ್ಣ ಮುಂದೆ ಹಿಡಿದಳು.

“ಹೆಸರು ಓದಿ ಹೇಳಿ. ಜೋರಾಗಿ.”

“ಯಾಕೆ?”

“ಇಲ್ಲಿ ಹಾಗೇ ಮೇಡಂ. ಯಾರ ರಕ್ತ ಅವರೇ ಓದಿ ಹೇಳ್ಬೇಕು, ಆಮೇಲೇ ಯಂತ್ರಕ್ಕೆ ಹಾಕೋದು. ಒಬ್ಬರದ್ದು ಇನ್ನೊಬ್ಬರಿಗೆ ಹೋದ್ರೆ ಮುಗೀತು ಕಥೆ.”

ಅವಳು ಕೊಳವೆ ಕೈಗೆ ತೆಗೆದುಕೊಂಡಳು. ಅದು ಬೆಚ್ಚಗಿತ್ತು. ಚೀಟಿಯ ಮೇಲಿದ್ದದ್ದು ಗಂಡನ ಹೆಸರು. ಅವನ ಹೆಸರಿಗೆ ಇದ್ದ ದಿನಕ್ಕೆ ಅವಳು ಬಂದಿದ್ದಳು. ಹೊರಗೆ ಕೂತ ಹುಡುಗಿ ಹಳೆಯ ಹೆಸರಿನಲ್ಲೇ ಚೀಟಿ ತೆಗೆದಿದ್ದಳು. ಅವಳು ಓದಿದಳು. ಅವನ ಹೆಸರು, ಅವನ ಅಪ್ಪನ ಹೆಸರು, ಪೂರ್ತಿಯಾಗಿ, ತರಗತಿಯಲ್ಲಿ ಹಾಜರಿ ಕರೆದಂತೆ. ಮೂರು ತಿಂಗಳಲ್ಲಿ ಆ ಹೆಸರಿನ ಹಿಂದೆ ‘ದಿವಂಗತ’ ಎಂದು ಸೇರಿಸದೆ ಹೇಳಿದ್ದು ಇದೇ ಮೊದಲು.

“ಸರಿ,” ಎಂದು ಕೊಳವೆ ತೆಗೆದುಕೊಂಡ ಸಿಸ್ಟರ್ ಎರಡು ಹೆಜ್ಜೆ ಹೋಗಿ ನಿಂತಳು. ಚೀಟಿ ನೋಡಿ ಹಣೆ ಚಚ್ಚಿಕೊಂಡಳು. “ಅಯ್ಯೋ ದೇವ್ರೇ, ಇದು ಸಾರ್ ಹೆಸರಲ್ವಾ? ನೀವಾದ್ರೂ ಹೇಳ್ಬಾರ್ದಾ ಮೇಡಂ, ಸುಮ್ನೆ ಓದ್ಬಿಟ್ರಲ್ಲ.” ಚೀಟಿಯನ್ನು ಕಿತ್ತು, ಪೆನ್ನಿನಿಂದ ಇನ್ನೊಂದು ಬರೆದು ಅಂಟಿಸಿ, ಮತ್ತೆ ಓದಿಸಿದಳು. “ಇಲ್ಲಿ ಗಂಡ ಹೆಂಡ್ತಿ ಅಂತೆಲ್ಲ ನಡಿಯಲ್ಲ. ನಿಮ್ಮದು ನಿಮಗೇ, ಅವರದ್ದು ಅವರಿಗೇ.”

ಕಿತ್ತ ಚೀಟಿ ಕಸದ ಬುಟ್ಟಿಯ ಅಂಚಿಗೆ ಅಂಟಿಕೊಂಡಿತು. ಅವಳ ಕಣ್ಣು ಅದರ ಮೇಲೇ ಇತ್ತು.

ಯಂತ್ರ ಮೂಲೆಯ ಮೇಜಿನ ಮೇಲಿತ್ತು, ಪುಟ್ಟ ಅಡುಗೆ ಪಾತ್ರೆಯಷ್ಟು. ಸಿಸ್ಟರ್ ರಕ್ತದ ಕೊಳವೆಯನ್ನು ಒಂದು ಗುಳಿಯಲ್ಲಿಟ್ಟು, ಎದುರಿನ ಗುಳಿಯಲ್ಲಿ ನೀರು ತುಂಬಿದ ಇನ್ನೊಂದು ಕೊಳವೆ ಇಟ್ಟಳು. “ಒಂದೇ ಹಾಕಿದ್ರೆ ಕುಣಿಯುತ್ತೆ ಇದು. ಎದುರಿಗೆ ಅಷ್ಟೇ ತೂಕದ್ದು ಬೇಕು,” ಎಂದು ಮುಚ್ಚಳ ಹಾಕಿದಳು. ಯಂತ್ರ ಗುಂಯ್ ಎಂದು ತಿರುಗತೊಡಗಿತು.

ಈಗ ಸಿಸ್ಟರಿಗೆ ಮಾತಿಗೆ ಬಿಡುವು. ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. “ಹೇಳಿ ಮೇಡಂ, ಕೊನೆಗೆ ಯಾವಾಗ ಸಿಕ್ತು ನಿಮ್ಗೆ?”

“ಏನು ಸಿಕ್ತು?”

“ಕೂದ್ಲು. ಹೊಸಾದು. ಸಾರ್ ಪಂಥ ಕಟ್ಟಿದ್ರಲ್ಲ.” ಸಿಸ್ಟರ್ ನಗುತ್ತಿದ್ದಳು. “ಮೊದಲ ದಿನಾನೇ ಹೇಳಿದ್ರು, ‘ನನ್ನ ಹೆಂಡ್ತಿ ಕೂದ್ಲಿನ ಡಾಕ್ಟ್ರಿದ್ದ ಹಾಗೆ ಸಿಸ್ಟರ್, ಕತ್ಲಲ್ಲಿ ಮುಟ್ಟಿ ಹೇಳ್ತಾಳೆ ಯಾರ ಕೂದ್ಲು ಅಂತ. ನಾನಾಗಿ ಬಾಯಿ ಬಿಡಲ್ಲ. ಅವಳ ಕೈಗೆ ಸಿಗ್ಲಿ, ಅವಳೇ ಕೇಳ್ಲಿ, ಏನ್ರೀ ಇದು ಅಂತ.’ ಬಂದಾಗೆಲ್ಲ ನಾನು ಕೇಳೋಳು, ಸಿಕ್ತಾ ಸಾರ್? ‘ಇನ್ನೂ ಇಲ್ಲ’ ಅಂತ ನಗೋರು. ಎರಡನೇ ಸಲ ಆದ್ಮೇಲೆ ಸೂಜಿ ಗುರುತು ನೋಡಿ ನೀವು ತಲೆ ಕೆರ್ಕೋಬೇಡಿ ಅಂತ ಬೈದ್ರಂತೆ?”

ಬೈದಿದ್ದಳು. ಹೊಟ್ಟು ಎಂದುಕೊಂಡು ಎಣ್ಣೆಯನ್ನೂ ಹಚ್ಚಿದ್ದಳು.

ಸಿಸ್ಟರ್ ಎದ್ದು ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು. “ನೀವು ಫೋಟೋ ನೋಡಿಲ್ಲ ಅಲ್ವಾ? ಪ್ರತಿ ಸಲ ತೆಗೀತೀವಿ.”

ಪರದೆಯ ತುಂಬ ಅವನ ನೆತ್ತಿ. ಮುಖವಿಲ್ಲ, ಕಣ್ಣಿಲ್ಲ, ಬಾಗಿದ ತಲೆ ಮಾತ್ರ, ಎಡಗಿವಿಯ ಹಿಂದಿನ ಮಚ್ಚೆ ಸಮೇತ. ಮೊದಲನೆಯದು ಅವಳು ಬಲ್ಲ ನೆತ್ತಿಯೇ, ತೊಳೆದಿಟ್ಟ ಬಟ್ಟಲಿನಂಥದ್ದು. ಎರಡನೆಯದರಲ್ಲೂ ಹೆಚ್ಚು ಬದಲಾವಣೆ ಇರಲಿಲ್ಲ. ಮೂರನೆಯದರಲ್ಲಿ, ಹಣೆಯಿಂದ ಸ್ವಲ್ಪ ಹಿಂದೆ, ತೆಳ್ಳಗೆ ನೆರಳು ಬಿದ್ದಂತೆ ಇತ್ತು. ಸಿಸ್ಟರ್ ಚಿತ್ರ ದೊಡ್ಡದು ಮಾಡಿದಳು. ನೆರಳಲ್ಲ, ಕೂದಲು. ಮಗುವಿನ ತಲೆಯ ಮೇಲಿನಷ್ಟು ಸಪೂರವಾದ ಕೂದಲು, ಒಂದೊಂದೂ ಒಂದೊಂದು ಕಡೆ ತಿರುಗಿತ್ತು.

“ಎಲ್ಲರಿಗೂ ಬರಲ್ಲ ಮೇಡಂ, ಡಾಕ್ಟ್ರೇ ಹೇಳ್ತಾರೆ, ಅರ್ಧ ಜನಕ್ಕೂ ಇಷ್ಟು ಬರಲ್ಲ. ಸಾರ್‌ದು ಲಕ್ಕು.” ಸಿಸ್ಟರ್ ಮತ್ತೆ ಕೂತಳು. “ಒಂದು ಭಾನುವಾರ ಫೋನ್ ಮಾಡಿದ್ರು, ಸ್ವಲ್ಪ ಗಾಬರೀಲಿ. ‘ಸಿಸ್ಟರ್, ಮನೇಲಿ ಎಲ್ಲಾ ಮಿಷನ್ ಹಾಕ್ಬಿಟ್ಲು, ಹೊಸದೂ ಹೋಯ್ತು, ಮಾಡ್ಸಿದ್ದೆಲ್ಲ ವ್ಯರ್ಥನಾ?’ ಅಂತ. ನಾನಂದೆ, ಬುಡ ಇದೆಯಲ್ಲ ಸಾರ್, ಕತ್ತರಿಸಿದ್ರೆ ಏನಾಗುತ್ತೆ, ತಿಂಗಳು ಎರಡು ತಿಂಗಳಲ್ಲಿ ಮತ್ತೆ ಬರುತ್ತೆ ಅಂತ. ಆಗ ಸಮಾಧಾನ ಆಯ್ತು ಅವರಿಗೆ. ‘ಹಾಗಾದ್ರೆ ಸರಿ ಬಿಡಿ, ಪಾಪ ಅವಳಿಗೆ ಅರ್ಜೆಂಟ್ ಇತ್ತು. ಮುಂದಿನ ಸಲ ಸಿಕ್ಕೇ ಸಿಗುತ್ತೆ ಅವಳಿಗೆ’ ಅಂದ್ರು. ಸಿಕ್ತಲ್ಲ ಮೇಡಂ? ಅದಕ್ಕೇ ತಾನೇ ನೀವೂ ಬಂದಿರೋದು?”

ಯಂತ್ರ ನಿಂತಿತ್ತು. ಹೊರಗೆ ಮಂಡಿಯ ಯಜಮಾನರು ಯಾರಿಗೋ ತಮ್ಮ ಭಾಮೈದನ ಕಥೆ ಮತ್ತೆ ಹೇಳುತ್ತಿದ್ದರು.

“ಸಿಗಲಿಲ್ಲ,” ಎಂದಳು ಅವಳು. “ಮುಂದಿನ ಸಲ ಬರ್ಲಿಲ್ಲ ಸಿಸ್ಟರ್. ಅವರು ತೀರ್ಕೊಂಡ್ರು. ಅದೇ ವಾರ. ಹಾರ್ಟು.”

ಸಿಸ್ಟರಳ ನಗು ಕೂಡಲೇ ಹೋಗಲಿಲ್ಲ; ಮುಖದ ಮೇಲೆ ಹಾಗೆಯೇ ಸ್ವಲ್ಪ ಹೊತ್ತು ಉಳಿದು, ಆಮೇಲೆ ಮಾಸಿತು. ಎದ್ದು ಯಂತ್ರದ ಮುಚ್ಚಳ ತೆಗೆದು, ಕೊಳವೆಯನ್ನು ಕೈಯಲ್ಲಿ ಹಿಡಿದು ನಿಂತಳು. ರಕ್ತ ಕೆಳಗೆ ಕೂತು ಗಟ್ಟಿಯಾಗಿತ್ತು. ಮೇಲೆ ತಿಳಿಹಳದಿ ನೀರು.

“ನೀವು ಬಂದಾಗಿನಿಂದ ನಾನು ಬಾಯಿಗೆ ಬಂದಿದ್ದೆಲ್ಲ ಮಾತಾಡ್ತಿದೀನಿ,” ಎಂದಳು. “ನೀವು ಹೇಳ್ಬೇಕಿತ್ತು ಮೇಡಂ.”

“ಹೇಳಿದ್ರೆ ನೀವು ಇದೆಲ್ಲ ಹೇಳ್ತಿರ್ಲಿಲ್ಲ.”

ಸಿಸ್ಟರ್ ಡಾಕ್ಟರನ್ನು ಕರೆದು ತಂದಳು. ಬಾಗಿಲಾಚೆಯೇ ವಿಷಯ ಹೇಳಿರಬೇಕು, ಡಾಕ್ಟರು ಬಂದವಳು ಕೈಗವಸು ಕಳಚಿ, ಆಗ ಸಿಸ್ಟರ್ ಕೂತಿದ್ದ ಸ್ಟೂಲಿನ ಮೇಲೆ ಕೂತಳು. “ನಿಮಗೆ ಇದು ಬೇಡಮ್ಮ,” ಎಂದಳು. “ಆಗ ಕೇಳಿದಾಗಲೇ ನನಗೆ ಅನುಮಾನ ಇತ್ತು. ದುಃಖಕ್ಕೆ ಕೂದಲು ಹೀಗೆ ಉದುರುತ್ತೆ, ಮೂರು ತಿಂಗಳಿಗೆ ಶುರುವಾಗುತ್ತೆ. ತಾನಾಗಿ ನಿಲ್ಲುತ್ತೆ, ತಾನಾಗಿ ಬರುತ್ತೆ. ಸೂಜಿ ಚುಚ್ಚೋದು ಬೇಡ.”

“ತೆಗೆದ ರಕ್ತ?”

“ಎಸೀತೀವಿ. ಇಟ್ಕೊಳ್ಳೋಕೆ ಬರಲ್ಲ.”

ಅವಳು ತಲೆಯಾಡಿಸಿದಳು. ಅವಳ ಮೊಣಕೈಯ ಒಳಗೆ, ಹತ್ತಿ ಒತ್ತಿದ ಜಾಗದಲ್ಲಿ, ಆಗ ಗೊತ್ತಾಗದ ಸೂಜಿ ಈಗ ನೋಯತೊಡಗಿತ್ತು. ಸಿಸ್ಟರ್ ಪ್ಲಾಸ್ಟಿಕ್ ಬಿಚ್ಚಿ, ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕ್ರೀಮು ಒರೆಸಿದಳು. ಬೈತಲೆಯಿಂದ ಬೈತಲೆಗೆ, ಅವಸರವಿಲ್ಲದೆ, ಅವಳು ಪಾರ್ಲರಿನಲ್ಲಿ ಒರೆಸುವ ಹಾಗೆಯೇ. ಬಟ್ಟೆಗೆ ಹತ್ತಿಕೊಂಡ ಅವಳ ಕೂದಲನ್ನು ತೋರಿಸದೆ ಮಡಿಸಿಕೊಂಡಳು. ಹೊರಡುವಾಗ ಕಂಪ್ಯೂಟರಿನ ಮೇಲೆ ನೆತ್ತಿ ಇನ್ನೂ ಹಾಗೇ ಇತ್ತು. “ಫೋಟೋ ನಿಮ್ಮ ಫೋನಿಗೆ ಕಳಿಸ್ಲಾ ಮೇಡಂ?” ಎಂದು ಸಿಸ್ಟರ್ ಕೇಳಿದಳು.

“ಬೇಡ,” ಎಂದಳು. ಬಾಗಿಲ ತನಕ ಹೋಗಿ ತಿರುಗಿ, “ಅಳಿಸಬೇಡಿ,” ಎಂದಳು.

ಮನೆಗೆ ನಡೆದೇ ಹೋದಳು. ಬಿಸಿಲಿತ್ತು, ಆದರೆ ಮರಗಟ್ಟಿದ ತಲೆಗೆ ಅದು ತಾಗಲಿಲ್ಲ. ಮನೆಯ ಮೆಟ್ಟಿಲ ಬಳಿ ಬಂದಾಗ ಒಂದು ಕ್ಷಣ ನಿಂತಳು. ಇಲ್ಲೇ ಎಲ್ಲೋ ನಿಂತು ಅವನು ಫೋನು ಮಾಡಿದ್ದ, ಹೆಂಡತಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ. ಆಗ ಅವಳು ಒಳಗೆ ಮಿಷನ್ ಉಜ್ಜದೆ ಹೋದನೆಂದು ಗೊಣಗುತ್ತಿದ್ದಳು.

ತಂಗಿ ಅಡುಗೆಮನೆಯಲ್ಲಿದ್ದಳು. “ಎಲ್ಲಿಗೆ ಹೋಗಿದ್ದೆ ಅಕ್ಕ? ಫೋನೂ ಎತ್ತಲ್ಲ ನೀನು.”

ಅವಳು ಬಚ್ಚಲ ಮೇಲಿನ ಕಪಾಟಿನಿಂದ ಡಬ್ಬಿ ಇಳಿಸಿದಳು. ಊಟದ ಮೇಜಿನ ಮೇಲೆ ಒಂದು ಬಿಳಿ ಹಾಳೆ ಹಾಸಿ, ಕನ್ನಡಕ ಹಾಕಿಕೊಂಡು ಕೂತಳು. ಮಿಷನ್ನಿನ ಎರಡು ತಿರುಪು ಬಿಚ್ಚಿದಳು. ಬ್ಲೇಡಿನ ಸಂದಿಯಲ್ಲಿ ಕೂದಲು ಎಣ್ಣೆಯ ಜೊತೆ ಸೇರಿ ಗಟ್ಟಿಯಾಗಿತ್ತು. ಹಾಳೆಯ ಮೇಲೆ ಮೆಲ್ಲಗೆ ತಟ್ಟಿದಳು. ಉಳಿದದ್ದನ್ನು ಅವನ ಹಳೇ ಬ್ರಷ್ಷಿನಿಂದ, ಅವನು ಉಜ್ಜುತ್ತಿದ್ದ ಹಾಗೆ ಒಂದೇ ಕಡೆಗೆ ಉಜ್ಜಿ ಬೀಳಿಸಿದಳು.

ಹೆಚ್ಚಿನವು ಅವಳು ಬಲ್ಲವೇ, ಕಿವಿಯ ಸುತ್ತಿನವು, ಅರ್ಧ ಬಿಳಿ ಅರ್ಧ ಕಪ್ಪು, ದಪ್ಪ, ತಿಂಗಳು ತಿಂಗಳು ಕತ್ತರಿಸಿ ಎರಡೂ ತುದಿ ಮೊಂಡಾದವು. ಉಗುರಿನಿಂದ ಅವನ್ನು ಒಂದು ಬದಿಗೆ ಸರಿಸುತ್ತ ಹೋದಳು. ಸರಿಸುತ್ತ ಸರಿಸುತ್ತ ಬೆರಳು ನಿಂತಿತು. ಅಲ್ಲೊಂದು ಕೂದಲಿತ್ತು, ಎಳೆಗಂದು ಬಣ್ಣದ್ದು, ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳನೆಯದು. ಒಂದು ತುದಿ ನೇರವಾಗಿ ಕತ್ತರಿಸಿಹೋಗಿತ್ತು. ಇನ್ನೊಂದು ತುದಿ ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಗಿ ಕಾಣದಾಗುತ್ತಿತ್ತು. ಅದರ ಪಕ್ಕ ಇನ್ನೊಂದು. ಆಮೇಲೆ ಇನ್ನೂ ಕೆಲವು.

ಅವಳು ಬೆರಳ ತುದಿಯನ್ನು ಅವುಗಳ ಮೇಲೆ ಇಟ್ಟಳು. ತಲೆ ಇನ್ನೂ ಮರಗಟ್ಟಿಯೇ ಇತ್ತು, ಬೆರಳು ಮಾತ್ರ ಮರಗಟ್ಟಿರಲಿಲ್ಲ.

“ಏನ್ರೀ ಇದು,” ಎಂದಳು ಮೆಲ್ಲಗೆ.

ಒಳಗಿನಿಂದ ಬಂದ ತಂಗಿಗೆ ಅಕ್ಕನ ಬೆನ್ನು ಮಾತ್ರ ಕಂಡಿತು. ಬೆನ್ನು ಅಲುಗುತ್ತಿತ್ತು. “ಈ ಸೆಖೇಲಿ ಹೇಗೆ ಕೂತಿದೀಯ ಅಕ್ಕ, ಫ್ಯಾನ್ ಹಾಕ್ತೀನಿ ಇರು,” ಎಂದು ಅವಳು ಗೋಡೆಯ ಕಡೆ ಕೈ ಚಾಚಿದಳು.

“ಬೇಡ. ಫ್ಯಾನ್ ಹಾಕ್ಬೇಡ,” ಎಂದು ಅವಳು ಎರಡೂ ಕೈಗಳನ್ನು ಹಾಳೆಯ ಸುತ್ತ ಅಡ್ಡ ಇಟ್ಟು, ಉಸಿರು ಬಿಡದೆ ಕೂತಳು.